ಯಾರೂ ಇಳಿಯದ ದಂಡೆ

ಸಂಕ್ರಾಂತಿಯ ಬೆಳಿಗ್ಗೆ ಜಮಖಂಡಿಯ ಮನೆಯಿಂದ ಕಾರು ಹೊರಡಿಸುವಾಗಲೇ ವರದಾಳ ಎದೆಯೊಳಗೆ ಒಂದು ಅಳುಕು ಕೂತಿತ್ತು. ನೀರಿಗೂ ಅವಳಿಗೂ ಮೊದಲಿನಿಂದ ಆಗಿಬರದು. ಹುಟ್ಟಿ ಬೆಳೆದದ್ದು ವಿಜಾಪುರದಲ್ಲಿ. ಅಲ್ಲಿ ನೀರೆಂದರೆ ವಾರಕ್ಕೊಮ್ಮೆ ನಳಕ್ಕೆ ಬರುವುದು, ಬಂದಾಗ ಹಂಡೆ, ಕೊಡ, ಕೊನೆಗೆ ಪಾತೇಲಿಯನ್ನೂ ಬಿಡದೆ ತುಂಬಿಸಿಡುವುದು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಮಂದಾರನ ಗಾಡಿಯ ಹಿಂದೆ ಕೂತು ಚಿಕ್ಕಪಡಸಲಗಿಯ ಬ್ಯಾರೇಜು ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವನು ನಗುತ್ತಿದ್ದ. ಅವಳು ಅವನ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು.

ಇವತ್ತು ಮಂದಾರ ಜೊತೆಗಿರಲಿಲ್ಲ. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಅವನು ಕೆಮಿಸ್ಟ್. ಕಬ್ಬು ನುರಿಸುವ ಹಂಗಾಮಿನಲ್ಲಿ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ. ಆದರೆ ಅವನ ತಾಯಿ ಇಂದಿರಾಬಾಯಿಗೆ ಹೊಳೆಯ ಸ್ನಾನ ತಪ್ಪಬಾರದು.

"ಬ್ಯಾರೇಜಿಗೆ ಹೋಗೋಣಲ್ಲ ಅತ್ಯಾ, ಸಮೀಪ ಆಗ್ತದ," ಎಂದು ವರದಾ ಹಿಂದಿನ ದಿನವೇ ಹೇಳಿ ನೋಡಿದ್ದಳು.

"ಅಲ್ಲೆ ಮಂದೀನ ಮಂದಿ. ನೀರಿನಕಿಂತಾ ಶಾಂಪೂ ಚೀಟಿನ ಜಾಸ್ತಿ. ಬೀಳಗಿ ದಾಟಿ ನಮ್ಮ ತವರಮನಿ ಕಡೆ ಹೋಗೋಣು. ಅಲ್ಲೆ ಒಂದು ದಂಡಿ ಅದ, ಒಂದು ನರಪಿಳ್ಳಿ ಬರೂದಿಲ್ಲ."

ಇಂದಿರಾಬಾಯಿಯ ತವರೂರು ಈಗ ನೀರಿನ ತಳದಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಏರಿದಾಗ ಊರೇ ಎದ್ದು ಮೇಲಿನ ಗುಡ್ಡಕ್ಕೆ ಹೋಯಿತು. ಆದರೆ ಅವರ ಮಾತಿನಲ್ಲಿ ಅದು ಮುಳುಗಿದ ಊರಾಗಿರಲಿಲ್ಲ. ಆ ಹೊಳೆ ನಂದು, ಸಣ್ಣಾಕಿದ್ದಾಗ ಈಸಿದ್ದು ಅಲ್ಲೇ ಅನ್ನುವ ಧಿಮಾಕು ಎಪ್ಪತ್ತು ದಾಟಿದರೂ ಇಳಿದಿರಲಿಲ್ಲ. ಇಳಿದದ್ದು ಮೊಣಕಾಲಿನ ಬಲ ಮತ್ತು ಕಿವಿ. ಮೊಣಕಾಲಿಗೆ ದಿನಾ ವ್ಯಾಯಾಮ ಮಾಡಿಸುವವಳು ವರದಾಳೇ; ಅವಳು ಫಿಸಿಯೋಥೆರಪಿ ಓದಿ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡಿದ್ದಳು. ಕಿವಿಗೆ ಯಂತ್ರ ಬಂದಿತ್ತು. ಅದನ್ನು ತೆಗೆದರೆ ತಲೆಯ ಹಿಂದೆ ಪಟಾಕಿ ಹೊಡೆದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಎರಡೆರಡು ಟ್ರಾಲಿ ಎಳೆದುಕೊಂಡು, ಹಾಡು ಹಚ್ಚಿಕೊಂಡು, ಮುಕ್ಕಾಲು ರಸ್ತೆಯನ್ನು ತಾವೇ ತಿನ್ನುತ್ತ ಹೊರಟಿದ್ದವು. ಬೀಳಗಿ ದಾಟಿ ಡಾಂಬರು ಬಿಟ್ಟು ಕಚ್ಚಾರಸ್ತೆಗೆ ಇಳಿದ ಮೇಲೆ ಗದ್ದಲ ಹಿಂದೆ ಉಳಿಯಿತು. ಜಾಲಿಕಂಟಿಗಳ ನಡುವೆ ತಿರುಗಿ ತಿರುಗಿ ಕಾರು ಒಂದು ದಿನ್ನೆ ಏರಿದಾಗ, ಎದುರಿಗೆ ಒಮ್ಮೆಲೇ ನೀರು ತೆರೆದುಕೊಂಡಿತು. ಆಚೆಯ ದಂಡೆ ಕಾಣದಷ್ಟು ನೀರು. ವರದಾ ತನಗರಿವಿಲ್ಲದೆ ಬ್ರೇಕ್ ಒತ್ತಿದಳು.

ದಿನ್ನೆಯ ಬಲಕ್ಕೆ ಮೀನುಗಾರರ ದಂಡೆ. ಖಾಲಿ ಡ್ರಮ್ಮುಗಳ ಮೇಲೆ ಹಲಿಗೆ ಹಾಸಿ ನೀರಿನೊಳಕ್ಕೆ ಕಟ್ಟೆ ಮಾಡಿದ್ದರು. ಅದರ ಎರಡೂ ಬದಿಗೆ ದೋಣಿ ಕಟ್ಟಿದ್ದವು. ಮೇಲೆ ತಗಡಿನ ಶೆಡ್ಡು, ಅದರೊಳಗೆ ಡೀಸೆಲ್ ಇಂಜಿನ್ನಿಗೆ ಜೋಡಿಸಿದ ಐಸ್ ಒಡೆಯುವ ಯಂತ್ರ ಗಡಗಡ ಅನ್ನುತ್ತಿತ್ತು. ಹಬ್ಬದ ದಿನವೂ ಕೆಲಸ ನಿಂತಿರಲಿಲ್ಲ. ಪಿಕಪ್ ಗಾಡಿಯೊಂದು ಹಿಂಬಾಗಿಲು ತೆರೆದು ನಿಂತಿತ್ತು, ಹೆಂಗಸರು ಕಟ್ಲಾ ಮೀನನ್ನು ಗಾತ್ರ ನೋಡಿ ಬುಟ್ಟಿಗೆ ಎಸೆಯುತ್ತಿದ್ದರು. ಎಡಕ್ಕೆ, ಮಣ್ಣಿನ ಒಂದು ಮೂಗು ನೀರಿನೊಳಕ್ಕೆ ಚಾಚಿ, ಅದರಾಚೆ ನೀರು ಕುಡುಗೋಲಿನ ಹಾಗೆ ಒಳಬಾಗಿತ್ತು. ಅಲ್ಲಿ ಉಸುಕು. ತೊಳೆದಿಟ್ಟಂಥ, ಬಿಸಿಲಿಗೆ ಹೊಳೆಯುವ ಉಸುಕು. ಒಂದು ಅಂಗಡಿಯಿಲ್ಲ, ಒಂದು ಪ್ಲಾಸ್ಟಿಕ್ ಚೀಲವಿಲ್ಲ.

"ಹೇಳಿದ್ನಿಲ್ಲ?" ಎಂದರು ಇಂದಿರಾಬಾಯಿ. ಮೂಗಿಗೆ ಸೆರಗು ಹಿಡಿದುಕೊಂಡೇ, "ಆ ಮೀನಿನ ನಾತಾ ಒಂದಿಲ್ಲದಿದ್ರ ಕಾಶೀನ ಇದು," ಎಂದು ಸೇರಿಸಿದರು.

ಅವರನ್ನು ಮೊಣಕೈ ಹಿಡಿದು ಇಳಿಸುತ್ತ ವರದಾ ಉಸುಕು ತಲುಪಿದಳು. ಚಾಪೆ ಹಾಸಿದಳು. ಬುತ್ತಿಯ ಡಬ್ಬಿ ಇಟ್ಟಳು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಇಷ್ಟು ಚಂದದ ಜಾಗಕ್ಕೆ, ಅದೂ ಸಂಕ್ರಾಂತಿಯ ದಿನ, ಯಾರೂ ಯಾಕೆ ಬಂದಿಲ್ಲ ಎಂಬ ಪ್ರಶ್ನೆ ಅವಳ ತಲೆಯಲ್ಲಿ ಸುಳಿಯಿತು. ಉಸುಕಿನ ಮೇಲೆ ಮನುಷ್ಯರ ಹೆಜ್ಜೆ ಒಂದೂ ಇರಲಿಲ್ಲ. ನೀರಿನಿಂದ ಮೇಲಕ್ಕೆ ಅಗಲವಾದದ್ದೇನನ್ನೋ ಎಳೆದ ಗುರುತು ಮಾತ್ರ ಇತ್ತು. ದೋಣಿ ಎಳೆದಿರಬೇಕು ಎಂದುಕೊಂಡಳು. ಬಾಗಿನ ಆ ಕೊನೆಗೆ, ಜೊಂಡಿನಂಥ ಆಪಿನ ಹುಲ್ಲು ಬೆಳೆದಲ್ಲಿ, ಕೆಸರು ಮೆತ್ತಿದ ಒಂದು ಕೊರಡು ಬಿದ್ದಿತ್ತು.

ಮೀನುಗಾರರ ದಂಡೆಯಿಂದ ಒಂದು ಕೆಂದ ನಾಯಿ ರೊಟ್ಟಿಯ ವಾಸನೆಗೆ ಬೆನ್ನು ಹತ್ತಿ ಬಂದಿತ್ತು. ಉಸುಕು ಶುರುವಾಗುವಲ್ಲಿ ಅದು ಗಕ್ಕನೆ ನಿಂತಿತು. ವರದಾ ತುಂಡು ರೊಟ್ಟಿ ಎಸೆದಳು. ರೊಟ್ಟಿ ನಾಯಿಯಿಂದ ಎರಡು ಮಾರು ಈಚೆಗೆ ಬಿತ್ತು. ನಾಯಿ ಅದನ್ನು ನೋಡಿತು, ನೀರನ್ನು ನೋಡಿತು, ಬಾಲವನ್ನು ಕಾಲೊಳಗೆ ಸೇರಿಸಿಕೊಂಡು ಕುಂಯ್‌ಗುಟ್ಟಿತು. ಮುಂದೆ ಬರಲಿಲ್ಲ.

"ಅತ್ಯಾ, ಇಲ್ಲೆ ದಂಡಿ ಮ್ಯಾಲೆ ಕೂತು ತಂಬಿಗೀಲೆ ಹಾಕ್ಕೊಳ್ರಿ. ನಾ ನೀರು ತುಂಬಿ ಕೊಡ್ತೀನಿ."

"ತಂಬಿಗಿ ಸ್ನಾನ ಮನ್ಯಾಗ ಮಾಡ್ತಿದ್ದಿಲ್ಲೇನು? ಇಷ್ಟು ದೂರ ಅದಕ್ಕ ಬಂದ್ವೇನು? ಸೊಂಟದ ತನಕ ಇಳದು ಅರ್ಘ್ಯಾ ಕೊಟ್ಟು ಬರ್ತೀನಿ. ನೀ ಅಂಜಬುರಕಿ ಇಲ್ಲೇ ಕೂಡು."

ಅರೆದ ಎಳ್ಳನ್ನು ಕೈಕಾಲಿಗೆ ಹಚ್ಚಿಕೊಂಡರು. ಕಿವಿಯ ಯಂತ್ರ ತೆಗೆದು ಸೊಸೆಯ ಅಂಗೈಯಲ್ಲಿಟ್ಟರು. ಕಚ್ಚೆಯ ಸೀರೆ ಬಿಗಿಮಾಡಿಕೊಂಡು ನೀರಿಗಿಳಿದರು. ನೀರೊಳಗೆ ಅವರ ನಡಿಗೆ ದಂಡೆಯ ಮೇಲಿನದಕ್ಕಿಂತ ಹಗುರಾಗಿತ್ತು. ಮೊಣಕಾಲು ಮುಳುಗಿತು, ತೊಡೆ ಮುಳುಗಿತು, ಸೊಂಟಕ್ಕೆ ಬಂದಾಗ ನಿಂತು, ಸೂರ್ಯನಿಗೆ ಮುಖಮಾಡಿ ಕಣ್ಣು ಮುಚ್ಚಿದರು.

ಆಗಲೇ ಮೀನುಗಾರರ ಕಟ್ಟೆಯಿಂದ ಕೂಗು ಬಂತು.

ಮೊದಲು ವರದಾ ಲಕ್ಷ್ಯ ಕೊಡಲಿಲ್ಲ. ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು, ಇಂಜಿನ್ನಿನ ಗಡಗಡದಲ್ಲಿ ಕೂಗು ಚೂರುಚೂರಾಗಿ ಬರುತ್ತಿತ್ತು. ತಿರುಗಿ ನೋಡಿದಾಗ ಕಟ್ಟೆಯ ತುದಿಯಲ್ಲಿ ಒಬ್ಬ ಗಂಡಸು ಟಾವೆಲ್ಲು ಬೀಸುತ್ತಿದ್ದ. ಅವನ ಹಿಂದೆ ಇನ್ನಿಬ್ಬರು ಕೈಯಾಡಿಸುತ್ತಿದ್ದರು. ಹೆಂಗಸರು ಸ್ನಾನಕ್ಕಿಳಿದಿರುವಾಗ ಇದೆಂಥ ನಡವಳಿಕೆ ಎಂದು ಅವಳಿಗೆ ಸಿಟ್ಟು ಬಂತು. ತಮ್ಮ ಜಾಗಕ್ಕೆ ಬಂದಿದ್ದೇವೆಂದು ಓಡಿಸುತ್ತಿದ್ದಾರೇನೋ ಅಂತಲೂ ಅನ್ನಿಸಿತು. ಅವಳು ಎದ್ದು, ಒಣ ಸೀರೆಯನ್ನು ಮರೆಯಾಗಿ ಹಿಡಿಯಲೆಂದು ಬಿಡಿಸಿದಳು.

ಸೀರೆ ಬಿಡಿಸುತ್ತ ಅವಳ ಕಣ್ಣು ಆಪಿನ ಹುಲ್ಲಿನ ಕಡೆ ಹೋಯಿತು.

ಕೊರಡು ಅಲ್ಲಿರಲಿಲ್ಲ.

ಕೊರಡು ಬಿದ್ದಿದ್ದ ಜಾಗದಿಂದ ನೀರಿನ ತನಕ ಒದ್ದೆಯ ಹೊಸ ಗುರುತೊಂದು ಇತ್ತು. ಅಗಲವಾಗಿತ್ತು. ಅದರ ಎರಡೂ ಬದಿಗೆ ಹರಡಿದ ಬೆರಳುಗಳ ಅಚ್ಚು.

ವರದಾಳ ಕೈಯಿಂದ ಸೀರೆ ಜಾರಿತು. ನೀರಿನ ಮೇಲೆ ಏನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ನಡುಗಿಸಿತು. ಬಿಸಿಲಿನಲ್ಲಿ ಸಪಾಟಾಗಿ ಬಿದ್ದುಕೊಂಡ, ಚಹಾದ ಬಣ್ಣದ ನೀರು. ನಡುವೆ ಬಿಳಿಯ ತಲೆ, ಹಸಿರು ಸೀರೆ, ಜೋಡಿಸಿದ ಬೊಗಸೆ.

"ಅತ್ಯಾ!" ವರದಾ ಕೂಗಿದಳು. "ಅತ್ಯಾ, ಮ್ಯಾಲೆ ಬರ್ರಿ! ಅತ್ಯಾ!"

ಕೂಗುತ್ತಲೇ ಅವಳಿಗೆ ತನ್ನ ಅಂಗೈಯಲ್ಲಿದ್ದ ಯಂತ್ರದ ನೆನಪಾಯಿತು. ಇಂದಿರಾಬಾಯಿಯ ತುಟಿ ಮಾತ್ರ ಅಲುಗುತ್ತಿತ್ತು. ಅವರು ಬೊಗಸೆಯಲ್ಲಿ ನೀರೆತ್ತಿ, ನಿಧಾನವಾಗಿ, ಬೆರಳ ತುದಿಯಿಂದ ಬಿಡುತ್ತಿದ್ದರು.

ವರದಾ ಬುತ್ತಿಯ ಡಬ್ಬಿಯನ್ನೆತ್ತಿ ಬಲವಾಗಿ ಎಸೆದಳು. ಅದು ಅತ್ತೆಯ ಬೆನ್ನ ಹಿಂದೆ ಎಲ್ಲೋ ಬಿದ್ದು ಮುಳುಗಿತು. ಇಂದಿರಾಬಾಯಿಗೆ ಗೊತ್ತೇ ಆಗಲಿಲ್ಲ.

ಹೋಗಬೇಕಿತ್ತು. ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಕಾಲುಗಳು ಅವಳ ಮಾತು ಕೇಳಲಿಲ್ಲ. ಉಸುಕಿನಲ್ಲಿ ಹೂತ ಗೂಟದಂತೆ ನಿಂತುಬಿಟ್ಟಳು. ಬೇರೆಯವರ ಕಾಲನ್ನು ಎತ್ತಿಸಿ, ಮಡಿಸಿ, ನಡೆಸಿ ಊಟ ಮಾಡುವವಳು ತನ್ನ ಕಾಲನ್ನು ಎತ್ತಲಾರದೆ ನಿಂತಳು. ಆ ಹೊತ್ತಿನಲ್ಲಿ ಮಂದಾರನ ಮುಖ ಕಣ್ಣೆದುರು ಬಂತು. ಆಮೇಲೆ ಅವನಿಗೇನು ಹೇಳುವುದು? ನಾನು ನೋಡುತ್ತ ನಿಂತಿದ್ದೆ ಎಂದೇ?

ಆಪಿನ ಹುಲ್ಲಿನಿಂದ ಈಚೆಗೆ ನೀರಿನಲ್ಲಿ ಒಂದು ಗೆರೆ ಮೂಡಿತು. ಬಹಳ ಸಣ್ಣ ಗೆರೆ. ಮೂಡಿ, ಅಳಿಸಿಹೋಯಿತು.

ವರದಾ ನೀರಿಗೆ ಬಿದ್ದಳು. ಇಳಿದಳು ಅನ್ನುವ ಹಾಗಿರಲಿಲ್ಲ, ಬಿದ್ದೇ ಬಿಟ್ಟಳು. ಥಂಡಿ ನೀರು ಹೊಟ್ಟೆಗೆ ಬಡಿದು ಉಸಿರು ಕಟ್ಟಿತು. ಉಸುಕು ನಾಲ್ಕು ಹೆಜ್ಜೆಗೇ ಮುಗಿದು ಕೆಳಗೆ ರಾಡಿ ಸಿಕ್ಕಿತು. ಒಂದೊಂದು ಕಾಲನ್ನೂ ಅದು ಹಿಡಿದು, ಚೌಕಾಶಿ ಮಾಡಿ, ಬಿಡುತ್ತಿತ್ತು. ತನ್ನ ಕಾಲು ತನಗೇ ಕಾಣುತ್ತಿರಲಿಲ್ಲ. ಪ್ರತಿ ಹೆಜ್ಜೆಯ ಕೆಳಗೂ ಏನೋ ಇದೆ ಅನ್ನಿಸುತ್ತಿತ್ತು. ಒಂದು ಕಡೆ ಮೆತ್ತಗಿನದೇನೋ ತುಳಿದಳು, ಚೀರಿದಳು. ಅದು ಹುಲ್ಲಿನ ಗಂಟಾಗಿತ್ತು. ಕೈಯಿಂದ ನೀರು ಬಡಿಯುತ್ತ, ಅಳುತ್ತ, ಯಾವ ದೇವರ ಹೆಸರೂ ನೆನಪಾಗದೆ ಬರೀ "ಅತ್ಯಾ, ಅತ್ಯಾ" ಅನ್ನುತ್ತ ಹೋಗಿ ಆ ಹಸಿರು ಸೀರೆಯ ರಟ್ಟೆ ಹಿಡಿದಳು.

ಇಂದಿರಾಬಾಯಿ ಬೆಚ್ಚಿ ಕಣ್ಣು ತೆರೆದರು. "ಏನ ಇದು? ಅರ್ಘ್ಯಾ ಕೊಡೂಮುಂದ ಮುಟ್ತಾರೇನು? ನೀ ಯಾಕ ಇಳದಿ?"

ವರದಾ ಅವರ ಮುಖದೆದುರು ಬಾಯಗಲಿಸಿ, ದನಿಯಿಲ್ಲದೆ ಹೇಳಿದಳು: ಮೊಸಳಿ.

ಅವರಿಗೆ ತಿಳಿಯಲಿಲ್ಲ. "ಏನು? ಮಸಾಲಿ?"

ವರದಾ ತನ್ನ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಬಾಯಿಯಂತೆ ತೆರೆದು ಮುಚ್ಚಿದಳು. ಮುದುಕಿಯ ಮುಖದ ಬಣ್ಣ ಇಳಿಯಿತು. ಎಳ್ಳು ಮೆತ್ತಿದ ಆ ಕೈ ಸೊಸೆಯ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ಬಳೆ ಒಡೆದು ಚರ್ಮಕ್ಕೆ ಚುಚ್ಚಿತು.

ಓಡುವಂತಿರಲಿಲ್ಲ. ಆ ಮೊಣಕಾಲುಗಳ ಶಕ್ತಿ ವರದಾಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಸರ ಮಾಡಿದರೆ ಬೀಳುತ್ತಾರೆ, ಬಿದ್ದರೆ ಎತ್ತಲಾಗುವುದಿಲ್ಲ. ಅವಳು ಅತ್ತೆಯನ್ನು ದಂಡೆಯ ಕಡೆ ತಿರುಗಿಸಿ, ಬೆನ್ನಿಗೆ ತನ್ನ ಬೆನ್ನು ಹಚ್ಚಿದಳು. ತಾನು ನೀರಿಗೆ ಮುಖಮಾಡಿ, ಹಿಮ್ಮುಖವಾಗಿ ಅವರನ್ನು ಮೆಲ್ಲಗೆ ತಳ್ಳುತ್ತ ನಡೆದಳು. ಹಾಗೆ ಮಾಡೆಂದು ಯಾರೂ ಕಲಿಸಿರಲಿಲ್ಲ. ಬರುವುದಿದ್ದರೆ ಮೊದಲು ನನ್ನ ಕಡೆ ಬರಲಿ ಎಂದು ಯೋಚಿಸಿದ್ದಳೋ, ಅಥವಾ ಬೆನ್ನು ತಿರುಗಿಸುವ ಧೈರ್ಯವೇ ಇರಲಿಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಹೇಳಲಾಗಲಿಲ್ಲ.

ಒಂದು ಹೆಜ್ಜೆ. ರಾಡಿ ಬಿಟ್ಟಿತು. ಇನ್ನೊಂದು. ಹಿಂದಿನಿಂದ ಇಂದಿರಾಬಾಯಿಯ ಏದುಸಿರು ಅವಳ ಬೆನ್ನಿಗೇ ತಾಗುತ್ತಿತ್ತು.

ಅಷ್ಟರಲ್ಲಿ ಮಣ್ಣಿನ ಮೂಗನ್ನು ಸುತ್ತುಹಾಕಿ ಒಂದು ದೋಣಿ ಬಂತು. ಟಾವೆಲ್ಲು ಬೀಸಿದ್ದ ಗಂಡಸೇ ಅದರಲ್ಲಿ ನಿಂತು ಹುಟ್ಟಿನಿಂದ ನೀರಿನ ಮೇಲೆ ದಬದಬ ಬಡಿಯುತ್ತಿದ್ದ. ಇನ್ನೊಬ್ಬ ತಗಡಿನ ಡಬ್ಬಿ ಬಾರಿಸುತ್ತಿದ್ದ. ದಂಡೆಯ ಮೇಲಿಂದ ಒಬ್ಬ ಹೆಂಗಸು ಮೊಣಕಾಲ ತನಕ ಸೀರೆ ಎತ್ತಿಕೊಂಡು ಓಡಿ ಬರುತ್ತಿದ್ದಳು.

"ನಿಲ್ಲಬ್ಯಾಡ್ರೀ! ಹಂಗs ಬರ್ರಿ! ಹಿಂದಕ್ಕ ಹಿಂದಕ್ಕ!"

ಹಾಗೆ ಕೂಗುತ್ತಲೇ ಆ ಹೆಂಗಸು ನೀರಿಗೇ ಇಳಿದು ಇಂದಿರಾಬಾಯಿಯ ಕಂಕುಳಿಗೆ ಕೈಹಾಕಿ ಎಳೆದುಕೊಂಡಳು. ವರದಾಳ ಹಿಮ್ಮಡಿಗೆ ಉಸುಕು ಸಿಕ್ಕಿತು. ಅವಳು ಅಲ್ಲೇ ಕುಸಿದು, ಕೂತಲ್ಲಿಂದಲೇ ಕೈಯೂರಿ ಹಿಂದೆ ಸರಿದಳು.

ಆಗ ಅದು ಮೇಲೆ ಬಂತು.

ಇಂದಿರಾಬಾಯಿ ನಿಂತಿದ್ದ ಜಾಗದಲ್ಲೇ. ಸದ್ದಿಲ್ಲ, ಸಿಡಿಯುವ ನೀರಿಲ್ಲ. ಮೊದಲು ಎರಡು ಕಣ್ಣು, ಆಮೇಲೆ ಮೂಗಿನ ಎರಡು ತೂತು, ಅವುಗಳ ನಡುವೆ ಗೇಣಿಗೂ ಹೆಚ್ಚು ಉದ್ದದ ನೀರು; ಹಿಂದೆ ಕಲ್ಲು ಜೋಡಿಸಿದಂಥ ಬೆನ್ನು. ಅದು ಅವರನ್ನು ನೋಡಿತು. ಸಿಟ್ಟಿನಿಂದ ನೋಡಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲವೇನೋ. ಹೊತ್ತು ಬೇಕಾದಷ್ಟಿದೆ ಅನ್ನುವಂತೆ ನೋಡಿತು. ದೋಣಿ ಹತ್ತಿರಾದಾಗ ಬಂದಷ್ಟೇ ಮೆಲ್ಲಗೆ ಮುಳುಗಿತು.

ಆ ಹೆಂಗಸಿನ ಹೆಸರು ಮಂಗಲಾ. ದೋಣಿಯಲ್ಲಿದ್ದವನು ಅವಳ ಗಂಡ ಕಾಶಪ್ಪ. ತಗಡಿನ ಶೆಡ್ಡಿನಲ್ಲಿ ಇಂಜಿನ್ ಬಂದ್ ಮಾಡಿ, ಇಬ್ಬರನ್ನೂ ಮೀನಿನ ಖಾಲಿ ಕ್ರೇಟುಗಳ ಮೇಲೆ ಕೂರಿಸಿ, ಮೈಮೇಲೆ ಕಂಬಳಿ ಹೊದಿಸಿದರು. ಮಂಗಲಾಳ ಅಂಜಿಕೆ ಸಿಟ್ಟಾಗಿ ಹೊರಬರುತ್ತಿತ್ತು.

"ಗಂಟಲ ಹರಕೊಂಡ ಒದರಾಕತ್ತೇವಿ, ಸೀರಿ ಮರಿ ಮಾಡ್ತಾರಂತ! ನಮಗೇನ ನಿಮ್ಮನ್ನ ನೋಡೂದೈತೇನ್ರಿ? ಶ್ರಾವಣದಾಗ ಅಲ್ಲೇ ಒಂದು ಆಕಳಕರಾ ಎಳಕೊಂಡು ಹೋತು. ನಾಯಿ ಲೆಕ್ಕಾನs ಇಲ್ಲ."

"ಅವರಿಗೇನ ಗೊತ್ತ, ಸುಮ್ನಿರು," ಎಂದ ಕಾಶಪ್ಪ. ಬೀಡಿಗೆ ಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ. "ತಪ್ಪು ನಮ್ಮದೂ ಐತ್ರಿ ಅಕ್ಕಾರ. ಮೀನಿನ ಕೊಳಕಾ ಎಲ್ಲಾ ಆ ಬಾಗಿನಾಗs ಚೆಲ್ಲತೇವಿ. ಅದಕ್ಕ ರೂಢಿ ಆಗೇತಿ. ಒಂದು ಬೋರ್ಡಿತ್ತು, ಗಾಳಿಗೆ ಬಿತ್ತು. ಇಲ್ಲಿ ಬರೂರ್ಯಾರಂತ ನಾವೂ ಎತ್ತಿ ನಿಲ್ಲಸಲಿಲ್ಲ."

ಮಂಗಲಾ ಚಹಾ ತಂದುಕೊಟ್ಟಳು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಬಂದಿದ್ದ ಇಂದಿರಾಬಾಯಿ ಮೀನಿನ ಕ್ರೇಟಿನ ಮೇಲೆ ಕೂತು ಎರಡೂ ಕೈಯಿಂದ ಲೋಟ ಹಿಡಿದು ಕುಡಿದರು. ಕಿವಿಯ ಯಂತ್ರ ನೀರಿಗೆ ಹೋಗಿತ್ತು. ಯಾರು ಏನು ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಅವರು ಒಬ್ಬೊಬ್ಬರ ಬಾಯಿ ನೋಡುತ್ತ ಸುಮ್ಮನೆ ತಲೆಯಾಡಿಸಿದರು. ಏಳುವಾಗ ಮಂಗಲಾಳ ಗಲ್ಲ ಸವರಿ ನೆಟಿಗೆ ಮುರಿದರು. ಮಂಗಲಾ ಅತ್ತಳು.

ಕಾರು ನಡೆಸಲು ವರದಾಳಿಂದ ಆಗಲಿಲ್ಲ. ಕೀಲಿಕೈ ತೂತಿಗೇ ಹೋಗುತ್ತಿರಲಿಲ್ಲ. ಕೊನೆಗೆ ಪಿಕಪ್ಪಿನ ಡ್ರೈವರು ಮಲಕಾಜಪ್ಪ ಎಂಬಾತ ತನ್ನ ಗಾಡಿಯನ್ನು ಬೇರೆಯವನಿಗೆ ಒಪ್ಪಿಸಿ, ಇವರ ಕಾರನ್ನು ಜಮಖಂಡಿಯ ತನಕ ನಡೆಸಿಕೊಂಡು ಬಂದ. ಸುದ್ದಿ ತಿಳಿದು ಮಂದಾರ ಮಧ್ಯಾಹ್ನವೇ ಓಡಿ ಬಂದ, ಇಬ್ಬರನ್ನೂ ಬಯ್ದ, ಆಮೇಲೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಮಲಗಿದ.

ಮರುದಿನ ಬೆಳಿಗ್ಗೆ, ಕಿವಿಗೆ ಹಳೆಯ ಯಂತ್ರ ಹಾಕಿಕೊಂಡು, ಇಂದಿರಾಬಾಯಿ ಎಂದಿನಂತೆ ವ್ಯಾಯಾಮಕ್ಕೆ ಕಾಲು ಚಾಚಿ ಮಂಚದ ಮೇಲೆ ಕೂತರು. ವರದಾ ಮೊಣಕಾಲಿನ ಕೆಳಗೆ ಟಾವೆಲ್ಲಿನ ಸುರುಳಿ ಇಟ್ಟಳು. ರಾತ್ರಿಯಿಡೀ ಅವಳು ನಿದ್ದೆ ಮಾಡಿರಲಿಲ್ಲ; ಬಚ್ಚಲಿನ ಹಂಡೆಯಲ್ಲಿ ಕೈಯದ್ದಲೂ ಹೆದರಿ, ನಳದ ಕೆಳಗೆ ಮುಖ ತೊಳೆದು ಬಂದಿದ್ದಳು.

"ವರದಾ, ನೀ ಬಂದು ನನ್ನ ಕೈ ಹಿಡದಾಗ ಅದು ಎಷ್ಟು ದೂರಿತ್ತು?"

"ಭಾಳ ದೂರಿತ್ತು ಅತ್ಯಾ. ಆ ಹುಲ್ಲಿನ ಹತ್ರ."

"ಖರೆ ಹೇಳು."

ವರದಾ ಅವರ ಕಾಲನ್ನು ಮೆಲ್ಲಗೆ ಮಡಿಸುತ್ತ, "ಗೊತ್ತಿಲ್ಲ ಅತ್ಯಾ. ನನಗ ಕಾಣಲಿಲ್ಲ," ಎಂದಳು.

ಇಂದಿರಾಬಾಯಿ ಕಿಟಕಿಯ ಕಡೆ ತಿರುಗಿದರು. "ನೀ ಬರೂಕಿಂತ ಮದಲs ನನ್ನ ಮೀನಖಂಡಕ್ಕ ಏನೋ ಸವರಿ ಹೋತು. ಒರಟಿತ್ತು. ಹೊಳ್ಳಿ ಬಂದು ಮತ್ತೊಮ್ಮೆ ಸವರ್ತು. ನಾ ಏನ ತಿಳಕೊಂಡೆ, ನಮ್ಮ ತವರಮನಿ ಘಾಟಿನ ಮೆಟ್ಲ ಕಾಲಿಗೆ ಹತ್ತಲಿಕ್ಕತ್ತಾವ ಅಂತ. ಅದಕ್ಕs ಕಣ್ಣು ಮುಚ್ಚಿ ಇನ್ನೊಂದು ಅರ್ಘ್ಯಾ ಕೊಟ್ಟೆ."

ವರದಾಳ ಕೈ ಅವರ ಕಾಲಿನ ಮೇಲೆ ಹಾಗೆಯೇ ನಿಂತಿತು. ಆ ಕಾಲಿನ ಬಿಸಿ ಅವಳ ಅಂಗೈಗೆ ತಾಗುತ್ತಿತ್ತು. ಮಡಿಸುವುದನ್ನೂ ಚಾಚುವುದನ್ನೂ ಮರೆತು ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಳು. ಇಂದಿರಾಬಾಯಿ ಬಿಡಿಸಿಕೊಳ್ಳಲಿಲ್ಲ.